ಮಾರ್ಟಿನ್ ರೈಲ್

ಸರ್ ಮಾರ್ಟಿನ್ ರೈಲ್ (27 ಸೆಪ್ಟೆಂಬರ್ 1918 – 14 ಅಕ್ಟೋಬರ್ 1984) ಇಂಗ್ಲೆಂಡಿನ ಭೌತವಿಜ್ಞಾನಿ ಹಾಗೂ ರೇಡಿಯೋ ಖಗೋಳವಿಜ್ಞಾನದ ಪ್ರವರ್ತಕರಲ್ಲಿ ಒಬ್ಬರು. ಚಿಕ್ಕ ಚಿಕ್ಕ ಆಂಟೆನಾಗಳನ್ನು ದೂರದೂರದಲ್ಲಿ ಇರಿಸಿ, ಅವು ಗ್ರಹಿಸಿದ ಸಂಕೇತಗಳನ್ನು ಗಣಕಯಂತ್ರದ ಸಹಾಯದಿಂದ ಒಂದುಗೂಡಿಸಿ, ಹಲವು ಕಿಲೋಮೀಟರ್ ಅಗಲದ ದೂರದರ್ಶಕದಿಂದ ದೊರೆಯಬಹುದಾದಷ್ಟು ಸೂಕ್ಷ್ಮವಾದ ಚಿತ್ರವನ್ನು ಪಡೆಯುವ ವಿಧಾನವನ್ನು ಇವರು ಬೆಳೆಸಿದರು. ಅಪರ್ಚರ್ ಸಿಂಥೆಸಿಸ್ ಎಂದು ಕರೆಯಲಾಗುವ ಈ ವಿಧಾನಕ್ಕಾಗಿ 1974ರಲ್ಲಿ ಆಂಟನಿ ಹ್ಯೂಯಿಷ್ ಅವರೊಂದಿಗೆ ಇವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಖಗೋಳ ವೀಕ್ಷಣೆಯ ಸಂಶೋಧನೆಗೆ ಸಂದ ಮೊದಲ ನೊಬೆಲ್ ಪ್ರಶಸ್ತಿ ಇದೇ ಆಗಿದೆ.

ರೇಡಿಯೋ ಗೆಲಾಕ್ಸಿಗಳ ಎರಡು ಬದಿಗಳಲ್ಲಿ ಲಕ್ಷಾಂತರ ಜ್ಯೋತಿರ್ವರ್ಷಗಳ ದೂರಕ್ಕೆ ಹರಡಿಕೊಂಡಿರುವ ಹಾಲೆಗಳ ರಚನೆಯನ್ನು ವಿವರವಾಗಿ ತೋರಿಸಿಕೊಟ್ಟ ನಕ್ಷೆಗಳು ರೈಲ್ ಮತ್ತು ಅವರ ಸಹೋದ್ಯೋಗಿಗಳ ದೂರದರ್ಶಕಗಳಿಂದ ಬಂದವು. ಆಕಾಶದ ರೇಡಿಯೋ ಆಕರಗಳೆಲ್ಲ ನಮ್ಮ ಆಕಾಶಗಂಗೆಯೊಳಗಿನ ಮಂಕು ನಕ್ಷತ್ರಗಳು ಎಂದು ಮೊದಲಿಗೆ ಬಲವಾಗಿ ವಾದಿಸಿದ್ದವರು ರೈಲ್ ಅವರೇ. ಆ ನಂಬಿಕೆಯನ್ನು ಅಳಿಸಿಹಾಕಿದ ಅಳತೆಗಳು ಅವರದೇ ಗುಂಪಿನಿಂದ ಹೊರಬಂದವು ಎಂಬುದು ಅವರ ವೈಜ್ಞಾನಿಕ ಬದುಕಿನ ಗಮನಾರ್ಹ ಸಂಗತಿ.

ಜನನ ಮತ್ತು ಶಿಕ್ಷಣ

ರೈಲ್ ಅವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಪಟ್ಟಣದಲ್ಲಿ ಜನಿಸಿದರು. ತಂದೆ ಜಾನ್ ರೈಲ್ ಹೆಸರಾಂತ ವೈದ್ಯರು. ಅವರು ಕೇಂಬ್ರಿಡ್ಜ್‌ನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಅನಂತರ ಆಕ್ಸ್‌ಫರ್ಡ್‌ನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ತತ್ತ್ವಶಾಸ್ತ್ರಜ್ಞ ಗಿಲ್ಬರ್ಟ್ ರೈಲ್ ಇವರ ಚಿಕ್ಕಪ್ಪ. ಬ್ರಾಡ್‌ಫೀಲ್ಡ್ ಶಾಲೆಯಲ್ಲಿ ಓದುತ್ತಿದ್ದ ಕಾಲದಿಂದಲೇ ಇವರಿಗೆ ರೇಡಿಯೋ ಯಂತ್ರಗಳನ್ನು ತಾವೇ ಕಟ್ಟುವ ಹವ್ಯಾಸವಿತ್ತು. ಮುಂದೆ ಹವ್ಯಾಸಿ ರೇಡಿಯೋ ಪ್ರಸಾರದ ಪರವಾನಗಿಯನ್ನೂ ಪಡೆದರು. ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಾಸ ಮಾಡಿ 1939ರಲ್ಲಿ ಪದವಿ ಪಡೆದರು. ಅದೇ ವರ್ಷ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಎ. ರ‍್ಯಾಟ್‌ಕ್ಲಿಫ್ ಅವರ ಅಯಾನುಗೋಲ ಸಂಶೋಧನೆಯ ಗುಂಪನ್ನು ಸೇರಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು.

ಯುದ್ಧಕಾಲದ ಕೆಲಸ

ಯುದ್ಧದ ವರ್ಷಗಳನ್ನು ರೈಲ್ ಅವರು ಬ್ರಿಟನ್ನಿನ ದೂರಸಂಪರ್ಕ ಸಂಶೋಧನಾ ಸಂಸ್ಥೆಯಲ್ಲಿ ಕಳೆದರು. ಹೆಸರು ಹಾಗಿದ್ದರೂ ಅಲ್ಲಿ ನಡೆಯುತ್ತಿದ್ದ ಮುಖ್ಯ ಕೆಲಸ ರೇಡಾರಿನದು. ಆರಂಭದಲ್ಲಿ ವಿಮಾನಗಳಿಗೆ ಬೇಕಾದ ರೇಡಾರ್ ಆಂಟೆನಾಗಳನ್ನು ವಿನ್ಯಾಸ ಮಾಡಿದ ಅವರು, ಬಳಿಕ ಶತ್ರುವಿನ ರೇಡಾರನ್ನು ಕುರುಡಾಗಿಸುವ ಮತ್ತು ದಾರಿ ತಪ್ಪಿಸುವ ಉಪಾಯಗಳ ವಿಭಾಗಕ್ಕೆ ಹೋದರು. 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದಾಗ, ದಾಳಿಯು ಬೇರೊಂದು ಕಡೆಯಿಂದ ಬರುತ್ತಿದೆಯೆಂದು ಜರ್ಮನ್ ರೇಡಾರ್ ಕೇಂದ್ರಗಳನ್ನು ನಂಬಿಸಿದ ಏರ್ಪಾಡಿನಲ್ಲಿ ಈ ವಿಭಾಗದ ಪಾತ್ರವಿತ್ತು.

ಕೆಲವೇ ದಿನಗಳ, ಕೆಲವೊಮ್ಮೆ ಕೆಲವೇ ಗಂಟೆಗಳ ಅವಧಿಯಲ್ಲಿ ಉಪಕರಣವೊಂದನ್ನು ಯೋಚಿಸಿ, ಕಟ್ಟಿ, ಕೆಲಸಕ್ಕೆ ಹಚ್ಚಬೇಕಾಗಿದ್ದ ಆ ವಾತಾವರಣವು ರೈಲ್ ಅವರನ್ನು ಎಂಜಿನಿಯರನಾಗಿ ರೂಪಿಸಿತು. ಸಿದ್ಧಾಂತಕ್ಕಿಂತ ಯಂತ್ರದ ಗುಣವನ್ನು ಕೈಯಾರೆ ಅರಿಯುವುದರಲ್ಲಿ ಅವರಿಗೆ ಹೆಚ್ಚಿನ ವಿಶ್ವಾಸವಿತ್ತು. ವಿಜ್ಞಾನವನ್ನು ಯುದ್ಧಕ್ಕೆ ದುಡಿಸುವುದೆಂದರೇನು ಎಂಬುದನ್ನೂ ಅವರು ಆ ವರ್ಷಗಳಲ್ಲಿ ಹತ್ತಿರದಿಂದ ಕಂಡರು. ಈ ಅನುಭವ ಅವರ ಕೊನೆಯ ವರ್ಷಗಳ ನಿಲುವುಗಳಿಗೆ ಹಿನ್ನೆಲೆಯಾಯಿತು.

ಸೂರ್ಯನಿಂದ ಬರುವ ರೇಡಿಯೋ ಅಲೆಗಳು

1945ರಲ್ಲಿ ರೈಲ್ ಅವರು ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಮರಳಿದರು. ಸೂರ್ಯನಿಂದ ರೇಡಿಯೋ ಅಲೆಗಳು ಹೊರಡುತ್ತವೆ ಎಂಬುದು ಯುದ್ಧಕಾಲದಲ್ಲಿ ರೇಡಾರ್ ಕೇಂದ್ರಗಳಲ್ಲಿ ಆಕಸ್ಮಿಕವಾಗಿ ತಿಳಿದುಬಂದಿತ್ತು. ಇದನ್ನು ಪರಿಶೀಲಿಸುವಂತೆ ರ‍್ಯಾಟ್‌ಕ್ಲಿಫ್ ಅವರು ರೈಲ್ ಅವರಿಗೆ ಸೂಚಿಸಿದರು. ಹಣದ ಕೊರತೆಯಿದ್ದ ಆ ದಿನಗಳಲ್ಲಿ ಯುದ್ಧದಿಂದ ಉಳಿದ ಸಾಮಗ್ರಿಗಳೇ ಸಂಶೋಧನೆಯ ಬಂಡವಾಳವಾದವು. ಜರ್ಮನರಿಂದ ವಶಪಡಿಸಿಕೊಂಡಿದ್ದ 7.5 ಮೀಟರ್ ವ್ಯಾಸದ ವುರ್ಟ್ಸ್‌ಬರ್ಗ್ ರೇಡಾರ್ ತಟ್ಟೆಗಳೂ ಅವುಗಳಲ್ಲಿ ಸೇರಿದ್ದವು.

ರೇಡಿಯೋ ಖಗೋಳವಿಜ್ಞಾನದ ಮೂಲ ತೊಡಕು ಅಲೆಗಳ ಉದ್ದದಲ್ಲಿದೆ. ದೂರದರ್ಶಕವೊಂದು ಎಷ್ಟು ಸೂಕ್ಷ್ಮ ವಿವರವನ್ನು ಬಿಡಿಸಿ ತೋರಬಲ್ಲದು ಎಂಬುದು ಅದರ ಅಗಲಕ್ಕೂ ಅಲೆಯ ಉದ್ದಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಬೆಳಕಿನ ಅಲೆಗಳಿಗಿಂತ ರೇಡಿಯೋ ಅಲೆಗಳು ಹತ್ತಾರು ಲಕ್ಷ ಪಟ್ಟು ಉದ್ದವಾದವು. ಬರಿಗಣ್ಣಿಗೆ ಕಾಣುವಷ್ಟು, ಅಂದರೆ ಸುಮಾರು ಒಂದು ಆರ್ಕ್ ಮಿನಿಟ್‌ನಷ್ಟು ವಿವರವನ್ನು ಒಂದು ಮೀಟರ್ ಉದ್ದದ ರೇಡಿಯೋ ಅಲೆಯಲ್ಲಿ ಕಾಣಬೇಕಾದರೂ ಸುಮಾರು ಮೂರೂವರೆ ಕಿಲೋಮೀಟರ್ ಅಗಲದ ತಟ್ಟೆ ಬೇಕಾಗುತ್ತದೆ. ಅಂತಹ ತಟ್ಟೆಯನ್ನು ಕಟ್ಟಿ ತಿರುಗಿಸುವುದು ಅಸಾಧ್ಯ.

ಈ ತೊಡಕಿಗೆ ರೈಲ್ ಅವರು ಕಂಡುಕೊಂಡ ಮೊದಲ ಉತ್ತರ ವ್ಯತಿಕರಣಮಾಪಕ. ಎರಡು ಆಂಟೆನಾಗಳನ್ನು ದೂರದಲ್ಲಿರಿಸಿ ಅವುಗಳ ಸಂಕೇತಗಳನ್ನು ಕೂಡಿಸಿದರೆ, ಆಕರವು ಆಕಾಶದಲ್ಲಿ ಸರಿದಂತೆ ಸಂಕೇತವು ಏರಿಳಿಯುತ್ತದೆ. ಆಕರವು ಚಿಕ್ಕದಾಗಿದ್ದರೆ ಏರಿಳಿತ ಸ್ಪಷ್ಟವಾಗಿರುತ್ತದೆ, ಅಗಲವಾಗಿದ್ದರೆ ಮಸುಕಾಗುತ್ತದೆ. 1946ರ ಜುಲೈನಲ್ಲಿ ಸೂರ್ಯನ ಮೇಲೆ ದೊಡ್ಡ ಸೌರಕಲೆಯೊಂದು ಕಾಣಿಸಿಕೊಂಡಾಗ ರೈಲ್ ಮತ್ತು ಡೆರೆಕ್ ವಾನ್‌ಬರ್ಗ್ ಈ ಉಪಕರಣವನ್ನು ಅದರತ್ತ ತಿರುಗಿಸಿದರು. ತೀವ್ರವಾದ ರೇಡಿಯೋ ಅಲೆಗಳು ಇಡೀ ಸೂರ್ಯಬಿಂಬದಿಂದ ಬರುತ್ತಿಲ್ಲ, ಸೌರಕಲೆಯಿರುವ ಚಿಕ್ಕ ಪ್ರದೇಶದಿಂದಲೇ ಹೊರಡುತ್ತಿವೆ ಎಂದು ಇದರಿಂದ ತಿಳಿಯಿತು. ಮುಂದೆ ಅವರು ಎರಡು ಆಂಟೆನಾಗಳ ನಡುವಿನ ಹಂತವನ್ನು ಕ್ಷಣಕ್ಷಣಕ್ಕೂ ಅದಲುಬದಲು ಮಾಡುವ ಗ್ರಾಹಕವನ್ನು ರೂಪಿಸಿದರು. ಆಕಾಶದ ಹಿನ್ನೆಲೆಯ ಗದ್ದಲವನ್ನು ಕಳೆದು ಚಿಕ್ಕ ಆಕರಗಳನ್ನು ಮಾತ್ರ ಎತ್ತಿ ತೋರುವ ಈ ಗ್ರಾಹಕದಿಂದ ಮಂಕಾದ ಆಕರಗಳನ್ನು ಹುಡುಕುವುದು ಸಾಧ್ಯವಾಯಿತು.

ರೇಡಿಯೋ ನಕ್ಷತ್ರಗಳ ವಿವಾದ

1946ರಲ್ಲಿ ಇಂಗ್ಲೆಂಡಿನ ಜೆ. ಎಸ್. ಹೇ ಮತ್ತು ಸಂಗಡಿಗರು ರಾಜಹಂಸ ನಕ್ಷತ್ರಪುಂಜದ ದಿಕ್ಕಿನಿಂದ ಏರಿಳಿಯುವ ರೇಡಿಯೋ ಸಂಕೇತವೊಂದು ಬರುತ್ತಿರುವುದನ್ನು ಗುರುತಿಸಿದ್ದರು. ಇದಕ್ಕೆ ಸಿಗ್ನಸ್ ಎ ಎಂಬ ಹೆಸರು ಬಂದಿತು. ಆಸ್ಟ್ರೇಲಿಯಾದ ಜಾನ್ ಬೋಲ್ಟನ್ ಮತ್ತು ಗಾರ್ಡನ್ ಸ್ಟ್ಯಾನ್ಲಿ ಅದು ಬಹಳ ಚಿಕ್ಕ ಆಕರವೆಂದು ತೋರಿಸಿದರು. 1948ರಲ್ಲಿ ರೈಲ್ ಮತ್ತು ಅವರ ಸಹೋದ್ಯೋಗಿ ಫ್ರಾನ್ಸಿಸ್ ಗ್ರಹಾಂ-ಸ್ಮಿತ್ ಇದೇ ಆಕರವನ್ನು ಪರಿಶೀಲಿಸುತ್ತಿದ್ದಾಗ ಕುಂತಿ ನಕ್ಷತ್ರಪುಂಜದಲ್ಲಿ ಇನ್ನೂ ಪ್ರಬಲವಾದ ಮತ್ತೊಂದು ಆಕರವನ್ನು ಕಂಡರು. ಅದು ಕ್ಯಾಸಿಯೋಪಿಯಾ ಎ. ಇಂತಹ ಆಕರಗಳನ್ನು ರೇಡಿಯೋ ನಕ್ಷತ್ರಗಳೆಂದು ಕರೆಯುವ ವಾಡಿಕೆ ಬೆಳೆಯಿತು. 1950ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್‌ನ ಮೊದಲ ಪಟ್ಟಿಯಲ್ಲಿ 50 ಆಕರಗಳಿದ್ದವು.

ಇವು ಆಕಾಶದ ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿ ಹರಡಿದ್ದುವು. ಹೆಚ್ಚಿನವುಗಳ ಸ್ಥಾನದಲ್ಲಿ ಬೆಳಕಿನ ದೂರದರ್ಶಕಕ್ಕೆ ಏನೂ ಗೋಚರಿಸುತ್ತಿರಲಿಲ್ಲ. ಆದ್ದರಿಂದ ಇವು ಸೂರ್ಯನಿಗೆ ಹತ್ತಿರದಲ್ಲಿಯೇ ಇರುವ, ಬೆಳಕು ಬೀರದ ಹೊಸ ಬಗೆಯ ನಕ್ಷತ್ರಗಳಿರಬೇಕು ಎಂಬುದು ರೈಲ್ ಅವರ ತರ್ಕವಾಗಿತ್ತು. 1951ರಲ್ಲಿ ಲಂಡನ್ನಿನಲ್ಲಿ ನಡೆದ ಸಭೆಯೊಂದರಲ್ಲಿ ಥಾಮಸ್ ಗೋಲ್ಡ್ ಅವರು ಈ ಆಕರಗಳು ಆಕಾಶಗಂಗೆಯ ಆಚೆಗಿನ ಗೆಲಾಕ್ಸಿಗಳಾಗಿರಬಹುದು ಎಂದು ಸೂಚಿಸಿದರು. ಫ್ರೆಡ್ ಹಾಯ್ಲ್ ಇದನ್ನು ಬೆಂಬಲಿಸಿದರು. ರೈಲ್ ಅವರು ತೀಕ್ಷ್ಣವಾಗಿ ವಿರೋಧಿಸಿದರು. ಅಷ್ಟು ದೂರದಿಂದ ಅಷ್ಟು ಬಲವಾದ ಸಂಕೇತ ಬರಬೇಕಾದರೆ ಆಕರದ ಶಕ್ತಿಯು ಊಹೆಗೆ ಮೀರಿದ್ದಾಗಬೇಕಿತ್ತು.

ನಿರ್ಣಯಕ್ಕೆ ಬೇಕಾಗಿದ್ದುದು ನಿಖರವಾದ ಸ್ಥಾನ. ಅದೇ ವರ್ಷ ಗ್ರಹಾಂ-ಸ್ಮಿತ್ ಅವರು ಕೇಂಬ್ರಿಡ್ಜ್‌ನ ವ್ಯತಿಕರಣಮಾಪಕದಿಂದ ಸಿಗ್ನಸ್ ಎ ಆಕರದ ಸ್ಥಾನವನ್ನು ಸುಮಾರು ಒಂದು ಆರ್ಕ್ ಮಿನಿಟ್‌ನಷ್ಟು ನಿಖರವಾಗಿ ಅಳೆದು, ಅಮೆರಿಕದ ಖಗೋಳವಿಜ್ಞಾನಿ ವಾಲ್ಟರ್ ಬಾಡೆ ಅವರಿಗೆ ಕಳುಹಿಸಿದರು. ಬಾಡೆ ಅವರು ಪಾಲೊಮಾರ್ ಪರ್ವತದ 200 ಅಂಗುಲದ ದೂರದರ್ಶಕದಿಂದ ಆ ಸ್ಥಳದ ಚಿತ್ರವನ್ನು ತೆಗೆದಾಗ ವಿಲಕ್ಷಣ ಆಕಾರದ ಮಂಕು ಗೆಲಾಕ್ಸಿಯೊಂದು ಕಂಡಿತು. ರುಡಾಲ್ಫ್ ಮಿಂಕೋವ್‌ಸ್ಕಿ ಅದರ ರೋಹಿತವನ್ನು ಪಡೆದರು. ರೋಹಿತದ ಕೆಂಪು ಪಲ್ಲಟದ ಪ್ರಕಾರ, ಇಂದಿನ ಲೆಕ್ಕದಲ್ಲಿ, ಅದು ಸುಮಾರು 75 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಬ್ಬರೂ ಸೇರಿ 1954ರಲ್ಲಿ ಇದನ್ನು ಪ್ರಕಟಿಸಿದರು. ಆಕಾಶದ ಎರಡನೆಯ ಅತ್ಯಂತ ಪ್ರಖರ ರೇಡಿಯೋ ಆಕರವು ಅಷ್ಟು ದೂರದಲ್ಲಿದೆಯೆಂದ ಮೇಲೆ, ಮಂಕಾಗಿರುವ ಇತರ ಸಾವಿರಾರು ಆಕರಗಳು ಇನ್ನೂ ದೂರದಲ್ಲಿರಬಹುದು ಎಂಬುದು ಸ್ಪಷ್ಟವಾಯಿತು. ರೈಲ್ ಅವರು ತಮ್ಮ ಹಿಂದಿನ ನಿಲುವನ್ನು ಕೈಬಿಟ್ಟರು. ಅಷ್ಟೇ ಅಲ್ಲದೆ ಈ ಆಕರಗಳ ಮೂಲಕ ವಿಶ್ವದ ಇತಿಹಾಸವನ್ನೇ ಓದಬಹುದು ಎಂದು ಮನಗಂಡರು.

ಆಕರಗಳ ಎಣಿಕೆ ಮತ್ತು ವಿಶ್ವದ ಇತಿಹಾಸ

ವಿಶ್ವವು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯಾಗಿರುತ್ತದೆ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಹಾಯ್ಲ್, ಗೋಲ್ಡ್ ಮತ್ತು ಹರ್ಮನ್ ಬಾಂಡಿ 1948ರಲ್ಲಿ ಮಂಡಿಸಿದ್ದರು. ಅದು ನಿಜವಾಗಿದ್ದರೆ ದೂರದ, ಅಂದರೆ ಹಿಂದಿನ ಕಾಲದ, ರೇಡಿಯೋ ಆಕರಗಳು ಹತ್ತಿರದವುಗಳಿಗಿಂತ ಹೆಚ್ಚು ದಟ್ಟವಾಗಿರಬಾರದು. 1955ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್‌ನ ಎರಡನೆಯ ಸಮೀಕ್ಷೆಯಲ್ಲಿ 1936 ಆಕರಗಳಿದ್ದವು. ಮಂಕು ಆಕರಗಳ ಸಂಖ್ಯೆಯು ನಿರೀಕ್ಷೆಗಿಂತ ಬಹಳ ಹೆಚ್ಚಾಗಿದೆ, ಆದ್ದರಿಂದ ಸ್ಥಿರಸ್ಥಿತಿ ಸಿದ್ಧಾಂತ ನಿಲ್ಲದು ಎಂದು ರೈಲ್ ಅವರು ಸಾರಿದರು.

ಆದರೆ ಸಿಡ್ನಿಯ ಬರ್ನಾರ್ಡ್ ಮಿಲ್ಸ್ ಮತ್ತು ಬ್ರೂಸ್ ಸ್ಲೀ ತಮ್ಮ ಸಮೀಕ್ಷೆಯನ್ನು ಇದರೊಂದಿಗೆ ಹೋಲಿಸಿದಾಗ ಎರಡೂ ತಾಳೆಯಾಗಲಿಲ್ಲ. ಕೇಂಬ್ರಿಡ್ಜ್‌ನ ಪಟ್ಟಿಯಲ್ಲಿದ್ದ ಅನೇಕ ಮಂಕು ಆಕರಗಳು ನಿಜವಾದ ಆಕರಗಳೇ ಆಗಿರಲಿಲ್ಲ. ಹತ್ತಿರ ಹತ್ತಿರವಿದ್ದ ಹಲವು ಆಕರಗಳು ಒಂದರೊಳಗೊಂದು ಬೆರೆತು ಮೂಡಿಸಿದ ಭ್ರಮೆಗಳಾಗಿದ್ದವು. ಈ ಬೆರಕೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಿತ ವಿಧಾನವನ್ನು ಕೇಂಬ್ರಿಡ್ಜ್ ಗುಂಪಿನ ಪೀಟರ್ ಶೋಯರ್ ಅವರು ರೂಪಿಸಿದರು. ಮಂಕು ಆಕರಗಳ ಹೆಚ್ಚಳವು ರೈಲ್ ಹೇಳಿದಷ್ಟು ತೀವ್ರವಲ್ಲದಿದ್ದರೂ ನಿಜವೇ ಎಂದು ಅದರಿಂದ ತಿಳಿಯಿತು. 1959ರ ಮೂರನೆಯ ಪಟ್ಟಿ ಮತ್ತು 1962ರ ಅದರ ಪರಿಷ್ಕೃತ ರೂಪವು ಎಚ್ಚರಿಕೆಯಿಂದ ಸಿದ್ಧವಾದವು. ಇಂದಿಗೂ ಪ್ರಖರ ರೇಡಿಯೋ ಆಕರಗಳನ್ನು ಆ ಪಟ್ಟಿಯ ಕ್ರಮಸಂಖ್ಯೆಯಿಂದಲೇ ಹೆಸರಿಸಲಾಗುತ್ತದೆ. ಸಿಗ್ನಸ್ ಎ ಅದರಲ್ಲಿ 3ಸಿ 405 ಆಗಿದೆ. 1963ರಲ್ಲಿ ಮಾರ್ಟೆನ್ ಸ್ಮಿಟ್ ಅವರು ಮೊದಲ ಕ್ವೇಸಾರ್ ಎಂದು ಗುರುತಿಸಿದ ಆಕರವೂ ಇದೇ ಪಟ್ಟಿಯ 3ಸಿ 273.

1961ರಲ್ಲಿ ರೈಲ್ ಮತ್ತು ರಾಂಡಾಲ್ಫ್ ಕ್ಲಾರ್ಕ್ ಹೊಸ ಎಣಿಕೆಯ ಆಧಾರದಿಂದ ಸ್ಥಿರಸ್ಥಿತಿ ಸಿದ್ಧಾಂತವನ್ನು ಮತ್ತೊಮ್ಮೆ ಪ್ರಶ್ನಿಸಿದರು. ಆ ವಾದಕ್ಕೆ ಹಾಯ್ಲ್ ಅವರೊಂದಿಗೆ ಉತ್ತರ ಸಿದ್ಧಪಡಿಸಿದವರು ಆಗ ಅವರ ವಿದ್ಯಾರ್ಥಿಯಾಗಿದ್ದ ಜಯಂತ ನಾರಳೀಕರ್. 1965ರಲ್ಲಿ ವಿಶ್ವದ ಹಿನ್ನೆಲೆಯ ಸೂಕ್ಷ್ಮತರಂಗ ವಿಕಿರಣ ಪತ್ತೆಯಾದ ಮೇಲೆ ಹೆಚ್ಚಿನ ವಿಜ್ಞಾನಿಗಳು ಮಹಾಸ್ಫೋಟದ ಸಿದ್ಧಾಂತವನ್ನು ಒಪ್ಪಿದರು. ಮೊದಲ ಸಾಕ್ಷ್ಯವನ್ನು ಮಿತಿಮೀರಿ ನೆಚ್ಚಿದ್ದರೂ ರೈಲ್ ತಲುಪಿದ್ದ ತೀರ್ಮಾನ ಸರಿಯಾಗಿತ್ತು. ರೇಡಿಯೋ ಆಕರಗಳು ಹಿಂದಿನ ಕಾಲದಲ್ಲಿ ಇಂದಿಗಿಂತ ಹೇರಳವಾಗಿದ್ದವು.

ಅಪರ್ಚರ್ ಸಿಂಥೆಸಿಸ್

ಎರಡನೆಯ ಸಮೀಕ್ಷೆಯ ಸೋಲು ರೈಲ್ ಅವರಿಗೆ ಹೆಚ್ಚಿನ ವಿಭೇದನ ಶಕ್ತಿಯ ಅಗತ್ಯವನ್ನು ಮನವರಿಕೆ ಮಾಡಿಕೊಟ್ಟಿತು. ದೊಡ್ಡ ತಟ್ಟೆಯೊಂದು ಮಾಡುವುದೇನೆಂದರೆ, ತನ್ನ ಮೇಲ್ಮೈಯ ಬೇರೆ ಬೇರೆ ಭಾಗಗಳಿಗೆ ತಲುಪಿದ ಅಲೆಗಳನ್ನು ಒಂದೆಡೆ ಸೇರಿಸುವುದು. ಆ ಭಾಗಗಳೆಲ್ಲ ಒಂದೇ ಸಮಯದಲ್ಲಿ ಇರಲೇಬೇಕೆಂದಿಲ್ಲ. ಎರಡು ಚಿಕ್ಕ ಆಂಟೆನಾಗಳನ್ನು ಇಂದು ಒಂದು ಅಂತರದಲ್ಲಿ, ನಾಳೆ ಇನ್ನೊಂದು ಅಂತರದಲ್ಲಿ ಇಟ್ಟು ಅಳೆಯುತ್ತ ಹೋದರೆ ದೊಡ್ಡ ತಟ್ಟೆಯ ಒಂದೊಂದು ಜೋಡಿ ಭಾಗದ ಕೆಲಸವೂ ಮುಗಿಯುತ್ತದೆ. ಹೀಗೆ ಸಂಗ್ರಹವಾದ ಅಳತೆಗಳಿಂದ ಫೂರಿಯರ್ ಗಣಿತದ ಮೂಲಕ ಆಕಾಶದ ಚಿತ್ರವನ್ನು ಕಟ್ಟಬಹುದು. ಇದಕ್ಕೆ ಬೇಕಾಗುವುದು ತಾಳ್ಮೆ ಮತ್ತು ಗಣಕಯಂತ್ರ. ಕೇಂಬ್ರಿಡ್ಜ್‌ನಲ್ಲಿ ಆಗಲೇ ಎಡ್ಸಾಕ್ ಗಣಕಯಂತ್ರವಿತ್ತು. ಹ್ಯೂಯಿಷ್ ಅವರೊಂದಿಗೆ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೈಲ್ ಈ ವಿಧಾನವನ್ನು ವಿವರಿಸಿದರು.

ಇದಕ್ಕೆ ರೈಲ್ ಅವರು ಮತ್ತೊಂದು ಸರಳ ಉಪಾಯವನ್ನು ಸೇರಿಸಿದರು. ಪೂರ್ವ-ಪಶ್ಚಿಮವಾಗಿ ನಿಂತ ಎರಡು ಆಂಟೆನಾಗಳನ್ನು ಆಕಾಶದಿಂದ ನೋಡಿದರೆ, ಭೂಮಿಯು ತಿರುಗಿದಂತೆ ಒಂದು ಇನ್ನೊಂದನ್ನು ಸುತ್ತುತ್ತಿರುವಂತೆ ತೋರುತ್ತದೆ. ಹನ್ನೆರಡು ಗಂಟೆ ಒಂದೇ ಆಕರವನ್ನು ಹಿಂಬಾಲಿಸಿದರೆ ಭೂಮಿಯೇ ಆಂಟೆನಾಗಳನ್ನು ಬೇಕಾದ ದಿಕ್ಕುಗಳಿಗೆಲ್ಲ ಹೊತ್ತೊಯ್ಯುತ್ತದೆ. 1962ರಲ್ಲಿ ರೈಲ್ ಮತ್ತು ಆನ್ ನೆವಿಲ್ ಆಕಾಶದ ಉತ್ತರ ಧ್ರುವದ ಸುತ್ತಲಿನ ಪ್ರದೇಶದ ನಕ್ಷೆಯನ್ನು ಈ ರೀತಿಯಲ್ಲಿ ತಯಾರಿಸಿ ವಿಧಾನದ ಸಾಮರ್ಥ್ಯವನ್ನು ಸಾಬೀತುಪಡಿಸಿದರು.

ಈ ಕೆಲಸಗಳು ನಡೆದದ್ದು ಕೇಂಬ್ರಿಡ್ಜ್ ಸಮೀಪದ ಲಾರ್ಡ್ಸ್ ಬ್ರಿಜ್‌ನ ಮಲ್ಲಾರ್ಡ್ ರೇಡಿಯೋ ಖಗೋಳ ವೀಕ್ಷಣಾಲಯದಲ್ಲಿ. ಯುದ್ಧಕಾಲದಲ್ಲಿ ಮದ್ದುಗುಂಡುಗಳ ದಾಸ್ತಾನಾಗಿದ್ದ ಜಾಗದಲ್ಲಿ, ಮಲ್ಲಾರ್ಡ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿಯ ನೆರವಿನಿಂದ 1957ರಲ್ಲಿ ಇದು ಆರಂಭವಾಯಿತು. ರೈಲ್ ಅವರೇ ಇದರ ಮೊದಲ ನಿರ್ದೇಶಕರು. 1964ರಲ್ಲಿ ಇಲ್ಲಿ ಒಂದು ಮೈಲಿ ದೂರದರ್ಶಕವು ಸಿದ್ಧವಾಯಿತು. ಅದರಲ್ಲಿ 18 ಮೀಟರ್ ವ್ಯಾಸದ ಮೂರು ತಟ್ಟೆಗಳಿದ್ದು, ಎರಡು ಸ್ಥಿರವಾಗಿದ್ದರೆ ಒಂದು ಹಳಿಗಳ ಮೇಲೆ ಚಲಿಸುತ್ತಿತ್ತು. 1972ರಲ್ಲಿ ಐದು ಕಿಲೋಮೀಟರ್ ದೂರದರ್ಶಕ ಆರಂಭವಾಯಿತು. ಇದರ ಎಂಟು ತಟ್ಟೆಗಳ ವ್ಯಾಸ ತಲಾ 13 ಮೀಟರ್. ಸಂಚಾರ ನಿಂತುಹೋಗಿದ್ದ ಹಳೆಯ ರೈಲುಮಾರ್ಗವೊಂದು ಅಲ್ಲಿ ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿ ನೇರವಾಗಿ ಸಾಗಿದ್ದುದರಿಂದ ಅದರ ಜಾಗವನ್ನೇ ಬಳಸಿಕೊಳ್ಳಲಾಯಿತು. 6 ಸೆಂಟಿಮೀಟರ್ ತರಂಗಾಂತರದಲ್ಲಿ ಈ ದೂರದರ್ಶಕವು ಸುಮಾರು 2 ಆರ್ಕ್ ಸೆಕೆಂಡ್‌ಗಳಷ್ಟು ಸೂಕ್ಷ್ಮ ವಿವರವನ್ನು ಬಿಡಿಸಿ ತೋರಬಲ್ಲದ್ದಾಗಿತ್ತು.

ರೇಡಿಯೋ ಗೆಲಾಕ್ಸಿಗಳ ರಚನೆ

ಗೆಲಾಕ್ಸಿಯೊಂದರ ಕೇಂದ್ರದಿಂದ ಚಿಮ್ಮುವ ಧಾರೆಯನ್ನು ಮೊದಲು ಗಮನಿಸಿದವರು ಅಮೆರಿಕದ ಹೀಬರ್ ಕರ್ಟಿಸ್. ಕನ್ಯಾ ರಾಶಿಯ ಎಂ87 ಗೆಲಾಕ್ಸಿಯ ಕೇಂದ್ರಕ್ಕೆ ನೇರವಾದ ಕಿರಣವೊಂದು ಅಂಟಿಕೊಂಡಂತಿರುವುದನ್ನು ಅವರು 1918ರಲ್ಲಿ ದಾಖಲಿಸಿದರು. ಅದೇನೆಂದು ಆಗ ಯಾರಿಗೂ ತಿಳಿಯಲಿಲ್ಲ. 1953ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜೋಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನಿಸನ್ ಮತ್ತು ಭಾರತೀಯ ವಿಜ್ಞಾನಿ ಮೃಣಾಲ್ ಕುಮಾರ್ ದಾಸ್ ಗುಪ್ತ ಅವರು ಸಿಗ್ನಸ್ ಎ ಆಕರದ ಆಕಾರವನ್ನು ಅಳೆದು ಅನಿರೀಕ್ಷಿತ ಸಂಗತಿಯನ್ನು ಕಂಡರು. ರೇಡಿಯೋ ಅಲೆಗಳು ಮುಖ್ಯವಾಗಿ ಗೆಲಾಕ್ಸಿಯಿಂದಲ್ಲ, ಅದರ ಎರಡು ಬದಿಗಳಲ್ಲಿ ದೂರದಲ್ಲಿರುವ ಎರಡು ಪ್ರದೇಶಗಳಿಂದ ಬರುತ್ತಿದ್ದವು. ಈ ಪ್ರದೇಶಗಳೇ ರೇಡಿಯೋ ಹಾಲೆಗಳು. ಸಿಗ್ನಸ್ ಎ ಆಕರದಲ್ಲಿ ಒಂದು ಹಾಲೆಯ ತುದಿಯಿಂದ ಇನ್ನೊಂದರ ತುದಿಗೆ ಇರುವ ದೂರ ಆಕಾಶದಲ್ಲಿ ಸುಮಾರು 2 ಆರ್ಕ್ ಮಿನಿಟ್. ಇದು ನಾಲ್ಕರಿಂದ ಐದು ಲಕ್ಷ ಜ್ಯೋತಿರ್ವರ್ಷಗಳಿಗೆ ಸಮ.

ಕಾಂತಕ್ಷೇತ್ರದಲ್ಲಿ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಸೂಸುವ ಸಿಂಕ್ರೋಟ್ರಾನ್ ವಿಕಿರಣವೇ ಈ ರೇಡಿಯೋ ಅಲೆಗಳ ಮೂಲವೆಂಬುದು 1950ರ ದಶಕದಲ್ಲಿ ಸ್ಥಿರಪಟ್ಟಿತು. ಆದರೆ ಆ ಎಲೆಕ್ಟ್ರಾನುಗಳು ಅಷ್ಟು ದೂರಕ್ಕೆ ಹೋದದ್ದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಕೇಂದ್ರದಲ್ಲಿ ಒಮ್ಮೆಗೇ ಸಂಭವಿಸಿದ ಸ್ಫೋಟವು ಎರಡು ಮೋಡಗಳನ್ನು ವಿರುದ್ಧ ದಿಕ್ಕುಗಳಿಗೆ ಎಸೆದಿರಬಹುದು ಎಂಬುದು ಒಂದು ಊಹೆ. ಹಾಗಿದ್ದರೆ ಮೋಡಗಳು ಸಾಗುತ್ತಾ ಹಿಗ್ಗಿ ತಣಿಯಬೇಕು, ಎಲೆಕ್ಟ್ರಾನುಗಳು ಶಕ್ತಿಯನ್ನು ಕಳೆದುಕೊಂಡು ಮಂಕಾಗಬೇಕು.

ಒಂದು ಮೈಲಿ ದೂರದರ್ಶಕದಿಂದ ರೈಲ್ ಮತ್ತು ಸಂಗಡಿಗರು 1960ರ ದಶಕದಲ್ಲಿಯೇ ಸಿಗ್ನಸ್ ಎ ಆಕರದ ನಕ್ಷೆಗಳನ್ನು ತಯಾರಿಸಿದ್ದರು. ಐದು ಕಿಲೋಮೀಟರ್ ದೂರದರ್ಶಕದಿಂದ ಪೀಟರ್ ಹಾರ್ಗ್ರೇವ್ ಮತ್ತು ರೈಲ್ 1974ರಲ್ಲಿ ಪ್ರಕಟಿಸಿದ ನಕ್ಷೆಯು ಇನ್ನೂ ಸ್ಪಷ್ಟವಾಗಿತ್ತು. ಹಾಲೆಗಳ ಅತ್ಯಂತ ಪ್ರಖರ ಭಾಗವು ಅವುಗಳ ಹೊರತುದಿಯಲ್ಲಿತ್ತು, ಮತ್ತು ಬಹಳ ಚಿಕ್ಕದಾಗಿತ್ತು. ಇವುಗಳನ್ನು ತಪ್ತಬಿಂದುಗಳು ಎನ್ನಲಾಗುತ್ತದೆ. ಎರಡು ತಪ್ತಬಿಂದುಗಳ ನಡುವೆ, ಗೆಲಾಕ್ಸಿಯ ಕೇಂದ್ರದಲ್ಲಿ, ಮಂಕಾದ ಪುಟ್ಟ ರೇಡಿಯೋ ಆಕರವೂ ಕಂಡಿತು. ತಪ್ತಬಿಂದುವಿನಲ್ಲಿರುವ ಎಲೆಕ್ಟ್ರಾನುಗಳು ಬಹಳ ಬೇಗ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅವು ಹಿಂದೆಂದೋ ನಡೆದ ಸ್ಫೋಟದ ಅವಶೇಷಗಳಾಗಿರಲಾರವು. ಅಲ್ಲಿಗೆ ಶಕ್ತಿಯು ಈಗಲೂ ಹರಿದು ಬರುತ್ತಿರಲೇಬೇಕು ಎಂದು ಲೇಖಕರು ತೀರ್ಮಾನಿಸಿದರು.

ಕೇಂದ್ರದಿಂದ ತುದಿಯವರೆಗೆ ಶಕ್ತಿಯನ್ನು ಒಯ್ಯುವ ನಿರಂತರ ಧಾರೆಯ ಕಲ್ಪನೆಯನ್ನು ಮಾರ್ಟಿನ್ ರೀಸ್, ರೋಜರ್ ಬ್ಲಾಂಡ್‌ಫರ್ಡ್ ಮತ್ತು ಶೋಯರ್ ಅವರು ಇದೇ ವರ್ಷಗಳಲ್ಲಿ ಕೇಂಬ್ರಿಡ್ಜ್‌ನಲ್ಲಿ ಬೆಳೆಸಿದರು. ರೈಲ್ ಅವರೂ 1973ರಲ್ಲಿ ಮಾಲ್ಕಂ ಲಾಂಗೇರ್ ಮತ್ತು ಶೋಯರ್ ಅವರೊಂದಿಗೆ ವಿಸ್ತೃತ ಆಕರಗಳ ಮಾದರಿಗಳ ಕುರಿತು ಬರೆದಿದ್ದರು. ಇಂದು ಒಪ್ಪಿತವಾಗಿರುವ ವಿವರಣೆಯ ಪ್ರಕಾರ ಗೆಲಾಕ್ಸಿಯ ಕೇಂದ್ರದಲ್ಲಿರುವ ಬೃಹತ್ ಕಪ್ಪುಕುಳಿಯ ಸಮೀಪದಿಂದ ಎರಡು ಸಪುರ ಧಾರೆಗಳು, ಅಂದರೆ ಜೆಟ್‌ಗಳು, ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ಅವು ಗೆಲಾಕ್ಸಿಯ ಆಚೆಗಿನ ತೆಳು ಅನಿಲವನ್ನು ಕೊರೆಯುತ್ತ ಸಾಗಿ, ತುದಿಯಲ್ಲಿ ಅದಕ್ಕೆ ಅಪ್ಪಳಿಸಿ ತಡೆಯಲ್ಪಡುತ್ತವೆ. ಆ ಆಘಾತದ ಸ್ಥಳವೇ ತಪ್ತಬಿಂದು. ಅಲ್ಲಿಂದ ಹಿಂದಕ್ಕೆ ಹರಡಿಕೊಂಡ ದ್ರವ್ಯವೇ ಹಾಲೆಯಾಗುತ್ತದೆ.

ಎಲ್ಲ ರೇಡಿಯೋ ಗೆಲಾಕ್ಸಿಗಳೂ ಹೀಗಿರುವುದಿಲ್ಲ. ಕೇಂಬ್ರಿಡ್ಜ್‌ನ ನಕ್ಷೆಗಳನ್ನು ಬಳಸಿ 1974ರಲ್ಲಿ ಬರ್ನಾರ್ಡ್ ಫನಾರೋಫ್ ಮತ್ತು ಜೂಲಿಯಾ ರೈಲಿ ಅವುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. ಮೊದಲ ವರ್ಗದಲ್ಲಿ ಕೇಂದ್ರದ ಬಳಿ ಪ್ರಖರತೆ ಹೆಚ್ಚಿದ್ದು ಹೊರಹೋದಂತೆ ಮಂಕಾಗುತ್ತದೆ. ಎರಡನೆಯ ವರ್ಗದಲ್ಲಿ ಹಾಲೆಗಳ ಹೊರತುದಿಗಳೇ ಪ್ರಖರವಾಗಿರುತ್ತವೆ, ಮತ್ತು ಇವು ಸಾಮಾನ್ಯವಾಗಿ ಹೆಚ್ಚು ಶಕ್ತಿಶಾಲಿ ಆಕರಗಳು. ಸಿಗ್ನಸ್ ಎ ಎರಡನೆಯ ವರ್ಗಕ್ಕೂ ಎಂ87 ಮೊದಲನೆಯದಕ್ಕೂ ಸೇರುತ್ತವೆ. ಈ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಸಿಗ್ನಸ್ ಎ ಆಕರದ ಕೇಂದ್ರವನ್ನು ಹಾಲೆಗೆ ಜೋಡಿಸುವ ಸಪುರ ಜೆಟ್ ಅನ್ನು ಸ್ಪಷ್ಟವಾಗಿ ತೋರಿಸಿದ ಚಿತ್ರವು ಅಮೆರಿಕದ ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇ ದೂರದರ್ಶಕದಿಂದ 1984ರಲ್ಲಿ ಪ್ರಕಟವಾಯಿತು. 27 ತಟ್ಟೆಗಳ ಆ ದೂರದರ್ಶಕವೂ ಅಪರ್ಚರ್ ಸಿಂಥೆಸಿಸ್ ವಿಧಾನದಿಂದಲೇ ಕೆಲಸ ಮಾಡುತ್ತದೆ.

ಹುದ್ದೆಗಳು ಮತ್ತು ಗೌರವಗಳು

ರೈಲ್ ಅವರು 1948ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅಧ್ಯಾಪಕರಾದರು. 1949ರಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಆದರು. 1952ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1959ರಲ್ಲಿ ಕೇಂಬ್ರಿಡ್ಜ್‌ನ ಮೊದಲ ರೇಡಿಯೋ ಖಗೋಳವಿಜ್ಞಾನದ ಪ್ರಾಧ್ಯಾಪಕರಾದರು. 1972ರಿಂದ 1982ರವರೆಗೆ ಬ್ರಿಟನ್ನಿನ ರಾಜ ಖಗೋಳಜ್ಞ ಪದವಿಯಲ್ಲಿದ್ದರು. ಅದುವರೆಗೆ ಈ ಪದವಿಯು ಗ್ರೀನಿಚ್ ವೀಕ್ಷಣಾಲಯದ ನಿರ್ದೇಶಕರಿಗೆ ಸಲ್ಲುತ್ತಿತ್ತು. ಅವೆರಡನ್ನೂ ಬೇರ್ಪಡಿಸಿದ ಮೇಲೆ ನೇಮಕಗೊಂಡ ಮೊದಲಿಗರು ರೈಲ್. ಇವರಿಗೆ ದೊರೆತ ಮುಖ್ಯ ಗೌರವಗಳು:

- 1954: ರಾಯಲ್ ಸೊಸೈಟಿಯ ಹ್ಯೂಸ್ ಪದಕ
- 1964: ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ
- 1965: ಹೆನ್ರಿ ಡ್ರೇಪರ್ ಪದಕ
- 1966: ಸರ್ ಪದವಿ
- 1973: ರಾಯಲ್ ಪದಕ
- 1974: ಬ್ರೂಸ್ ಪದಕ
- 1974: ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ

ನೊಬೆಲ್ ಪ್ರಶಸ್ತಿಯಲ್ಲಿ ಹ್ಯೂಯಿಷ್ ಅವರ ಪಾಲು ಪಲ್ಸಾರ್‌ಗಳ ಶೋಧಕ್ಕೆ ಸಂಬಂಧಿಸಿದ್ದು. ಪಲ್ಸಾರಿನ ಸಂಕೇತವನ್ನು 1967ರಲ್ಲಿ ಮೊದಲು ಗಮನಿಸಿದ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರನ್ನು ಪ್ರಶಸ್ತಿಗೆ ಪರಿಗಣಿಸದೆ ಇದ್ದುದು ಟೀಕೆಗೆ ಗುರಿಯಾಯಿತು. ಟೀಕಿಸಿದವರಲ್ಲಿ ಹಾಯ್ಲ್ ಅವರೂ ಒಬ್ಬರು.

ಕುಟುಂಬ ಮತ್ತು ಸ್ವಭಾವ

1947ರಲ್ಲಿ ರೈಲ್ ಅವರು ರೋವೆನಾ ಪಾಮರ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಪುತ್ರಿಯರು ಮತ್ತು ಒಬ್ಬ ಪುತ್ರ. ರೋವೆನಾ ಅವರ ಸಹೋದರಿಯನ್ನು ಗ್ರಹಾಂ-ಸ್ಮಿತ್ ಅವರು ಮದುವೆಯಾದುದರಿಂದ ಸಹೋದ್ಯೋಗಿಗಳಿಬ್ಬರೂ ಷಡ್ಡಕರಾದರು. ರೈಲ್ ಅವರಿಗೆ ದೋಣಿ ನಡೆಸುವುದು ಪ್ರಿಯವಾಗಿತ್ತು. ತಮ್ಮ ದೋಣಿಗಳನ್ನು ತಾವೇ ವಿನ್ಯಾಸ ಮಾಡಿ ಕಟ್ಟುತ್ತಿದ್ದರು. ಗುಂಪಿನ ಎಲ್ಲರೊಂದಿಗೂ ಬೆರೆತು, ತಂತಿ ಎಳೆಯುವ ಕಂಬ ನೆಡುವ ಕೆಲಸಗಳಲ್ಲಿಯೂ ಕೈಜೋಡಿಸುತ್ತಿದ್ದರು. ಆದರೆ ವೈಜ್ಞಾನಿಕ ವಿವಾದಗಳಲ್ಲಿ ಬೇಗ ಕೆರಳುವ ಸ್ವಭಾವ ಅವರದಾಗಿತ್ತು. ಪೂರ್ಣವಾಗದ ಫಲಿತಾಂಶಗಳನ್ನು ಹೊರಗಿನವರಿಗೆ ತಿಳಿಸದ ಕೇಂಬ್ರಿಡ್ಜ್ ಗುಂಪಿನ ರೀತಿಯೂ ಇತರರ ಅಸಮಾಧಾನಕ್ಕೆ ಕಾರಣವಾಗಿತ್ತು.

ಅಣ್ವಸ್ತ್ರ ವಿರೋಧ ಮತ್ತು ಪವನಶಕ್ತಿ

1970ರ ದಶಕದ ಉತ್ತರಾರ್ಧದಲ್ಲಿ ರೈಲ್ ಅವರ ಆರೋಗ್ಯ ಕೆಟ್ಟಿತು. ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಕೀರ್ತಿಯ ಶಿಖರದಲ್ಲಿದ್ದ ಈ ಕಾಲದಲ್ಲಿಯೇ ಅವರ ಗಮನವು ಖಗೋಳವಿಜ್ಞಾನದಿಂದ ಬೇರೆಡೆಗೆ ತಿರುಗಿತು. ಯುದ್ಧಕ್ಕಾಗಿ ಬೆಳೆದ ರೇಡಾರ್ ವಿದ್ಯೆಯಿಂದ ರೇಡಿಯೋ ಖಗೋಳವಿಜ್ಞಾನ ಹುಟ್ಟಿತ್ತು. ಅದರಿಂದ ದೊರೆತ ತಂತ್ರಗಳು ಮತ್ತೆ ಆಯುಧಗಳ ಸೇವೆಗೆ ಹೋಗಬಹುದು ಎಂಬ ಚಿಂತೆ ಅವರನ್ನು ಕಾಡಿತು. ಸಮಾಜವು ವಿಜ್ಞಾನವನ್ನು ಏನಕ್ಕೆ ಬಳಸುತ್ತದೆ ಎಂಬುದರ ಹೊಣೆಯಿಂದ ವಿಜ್ಞಾನಿಯು ತಪ್ಪಿಸಿಕೊಳ್ಳಲಾಗದು ಎಂಬುದು ಅವರ ದೃಢ ನಿಲುವಾಯಿತು.

ಪರಮಾಣು ವಿದ್ಯುತ್ತನ್ನೂ ಅಣ್ವಸ್ತ್ರಗಳನ್ನೂ ಬೇರ್ಪಡಿಸಿ ನೋಡಲಾಗದೆಂದು ಅವರು ವಾದಿಸಿದರು. ಪರ್ಯಾಯವಾಗಿ ಪವನಶಕ್ತಿಯ ಅಧ್ಯಯನವನ್ನು ಕೈಗೊಂಡು, ಬ್ರಿಟನ್ನಿನ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡಲು ಗಾಳಿಯಂತ್ರಗಳನ್ನು ಬಳಸಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಗಾಳಿ ಜೋರಾಗಿ ಬೀಸುವ ಕಾಲವೂ ಮನೆಗಳಿಗೆ ಶಾಖ ಹೆಚ್ಚಾಗಿ ಬೇಕಾಗುವ ಕಾಲವೂ ಅಲ್ಲಿ ಒಂದೇ ಎಂಬುದು ಅವರ ವಾದದ ತಿರುಳು. ಪರ್ಯಾಯ ಶಕ್ತಿಮೂಲಗಳ ಆರ್ಥಿಕತೆಯ ಬಗ್ಗೆ 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಅಣ್ವಸ್ತ್ರ ಪೈಪೋಟಿಯ ಅಪಾಯವನ್ನು ಸಾಮಾನ್ಯ ಓದುಗರಿಗೆ ತಿಳಿಸಲು 1981ರಲ್ಲಿ ಕಿರುಹೊತ್ತಗೆಯೊಂದನ್ನು ಹೊರತಂದರು. ಹಳೆಯ ಸಹೋದ್ಯೋಗಿಗಳಲ್ಲಿ ಎಲ್ಲರೂ ಈ ನಿಲುವುಗಳನ್ನು ಒಪ್ಪಲಿಲ್ಲ.

ನಿಧನ ಮತ್ತು ಪರಂಪರೆ

ರೈಲ್ ಅವರು 1982ರಲ್ಲಿ ನಿವೃತ್ತರಾಗಿ, 1984ರ ಅಕ್ಟೋಬರ್ 14ರಂದು ಕೇಂಬ್ರಿಡ್ಜ್‌ನಲ್ಲಿ ನಿಧನರಾದರು. ಅವರ ನಂತರ ರಾಜ ಖಗೋಳಜ್ಞರಾದವರು ಗ್ರಹಾಂ-ಸ್ಮಿತ್. ಐದು ಕಿಲೋಮೀಟರ್ ದೂರದರ್ಶಕಕ್ಕೆ ಮುಂದೆ ರೈಲ್ ದೂರದರ್ಶಕ ಎಂದು ಹೆಸರಿಡಲಾಯಿತು.

ಭಾರತದ ರೇಡಿಯೋ ಖಗೋಳವಿಜ್ಞಾನಕ್ಕೂ ರೈಲ್ ಅವರ ಕೆಲಸಕ್ಕೂ ನೇರವಾದ ಸಂಬಂಧಗಳಿವೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಊಟಿಯಲ್ಲಿ ಸ್ಥಾಪಿತವಾದ 530 ಮೀಟರ್ ಉದ್ದದ ದೂರದರ್ಶಕವು, ರೇಡಿಯೋ ಆಕರಗಳನ್ನು ಚಂದ್ರನು ಮರೆಮಾಡುವ ಕ್ಷಣಗಳನ್ನು ಬಳಸಿ ಅವುಗಳ ಗಾತ್ರವನ್ನು ಅಳೆಯಿತು. ಮಂಕಾದ ಆಕರಗಳು ಕೋನೀಯ ಗಾತ್ರದಲ್ಲಿ ಚಿಕ್ಕವಾಗುತ್ತ ಹೋಗುವ ಬಗೆಯನ್ನು 1975ರಲ್ಲಿ ಸ್ವರೂಪ್ ಮತ್ತು ವಿಜಯ್ ಕಪಾಹಿ ವಿಶ್ಲೇಷಿಸಿದರು. ವಿಶ್ವವು ಕಾಲಕ್ರಮದಲ್ಲಿ ಬದಲಾಗಿದೆಯೆಂಬ ರೈಲ್ ಅವರ ತೀರ್ಮಾನಕ್ಕೆ ಇದರಿಂದ ಸ್ವತಂತ್ರವಾದ ಬೆಂಬಲ ದೊರೆಯಿತು. ಪುಣೆಯ ಬಳಿ 45 ಮೀಟರ್ ವ್ಯಾಸದ 30 ತಟ್ಟೆಗಳನ್ನು ಸುಮಾರು 25 ಕಿಲೋಮೀಟರ್ ವಿಸ್ತಾರದಲ್ಲಿ ಹರಡಿ ನಿರ್ಮಿಸಿರುವ ಜೈಂಟ್ ಮೀಟರ್‌ವೇವ್ ರೇಡಿಯೋ ದೂರದರ್ಶಕವು ಅಪರ್ಚರ್ ಸಿಂಥೆಸಿಸ್ ವಿಧಾನದಿಂದ ಕೆಲಸ ಮಾಡುತ್ತದೆ. ರೇಡಿಯೋ ಗೆಲಾಕ್ಸಿಗಳ ಹಳೆಯ, ಮಂಕಾದ ಹಾಲೆಗಳನ್ನು ಗುರುತಿಸಲು ಅದರ ದೀರ್ಘ ತರಂಗಾಂತರಗಳು ವಿಶೇಷವಾಗಿ ಉಪಯುಕ್ತವಾಗಿವೆ. ಕರ್ನಾಟಕದ ಗೌರಿಬಿದನೂರಿನಲ್ಲಿಯೂ ಇನ್ನೂ ದೀರ್ಘವಾದ ರೇಡಿಯೋ ಅಲೆಗಳಲ್ಲಿ ಆಕಾಶವನ್ನು ವೀಕ್ಷಿಸುವ ಆಂಟೆನಾ ವ್ಯೂಹವಿದೆ.

2019ರಲ್ಲಿ ಪ್ರಕಟವಾದ, ಎಂ87 ಗೆಲಾಕ್ಸಿಯ ಕೇಂದ್ರದ ಕಪ್ಪುಕುಳಿಯ ನೆರಳಿನ ಚಿತ್ರವು ಭೂಮಿಯ ಬೇರೆ ಬೇರೆ ಖಂಡಗಳಲ್ಲಿರುವ ದೂರದರ್ಶಕಗಳನ್ನು ಒಂದುಗೂಡಿಸಿ ಪಡೆದದ್ದು. ಕರ್ಟಿಸ್ ಅವರು 1918ರಲ್ಲಿ ಕಂಡ ಕಿರಣವು ಚಿಮ್ಮುವುದು ಆ ಕಪ್ಪುಕುಳಿಯ ಬಳಿಯಿಂದಲೇ. ಆ ಚಿತ್ರದ ಹಿಂದಿರುವುದೂ ದೂರದೂರದ ಆಂಟೆನಾಗಳ ಸಂಕೇತಗಳನ್ನು ಜೋಡಿಸಿ, ಭೂಮಿಯ ತಿರುಗುವಿಕೆಯನ್ನೇ ಬಳಸಿಕೊಂಡು ಚಿತ್ರ ಕಟ್ಟುವ, ರೈಲ್ ಮತ್ತು ಅವರ ಸಂಗಡಿಗರು ಬೆಳೆಸಿದ ತತ್ತ್ವವೇ.